ಸಹಾಯ ಬೇಕು: ನೋಡ್ಕೊಳ್ಳೋರು ಇದ್ದಾರೆ, ಗೆಳತಿಯರಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿನ ಟೀಚರ್. ಕ್ಲಾಸಲ್ಲಿ ಕಿವಿ ಮಂದ ಇರೋ ಹುಡುಗಿ ಒಬ್ಬಳಿದ್ದಾಳೆ, ಮಿಷನ್ ಹಾಕ್ಕೊಂಡು ಬರ್ತಾಳೆ. ಲೆಕ್ಕದಲ್ಲಿ ಎಲ್ಲರಿಗಿಂತ ಮುಂದು. ಓದಿನ ಚಿಂತೆ ಇಲ್ಲ.

ಚಿಂತೆ ಬಿಸಿಯೂಟದ ಹೊತ್ತಿಂದು. ಮಕ್ಕಳು ಅವಳ ತಟ್ಟೆ ತೊಳೆದು ಕೊಡ್ತಾರೆ, ಬ್ಯಾಗ್ ಎತ್ಕೋತಾರೆ. ಆದ್ರೆ ಕುಂಟೆಬಿಲ್ಲೆ ಶುರುವಾದ್ರೆ ಅವಳನ್ನ ಕರೆಯಲ್ಲ. ಮೊನ್ನೆ ಕಂಬಕ್ಕೆ ಒರಗಿ ನಿಂತು, ಕೈಯಲ್ಲಿ ತನ್ನದೇ ಬಿಲ್ಲೆ ಹಿಡ್ಕೊಂಡು ಕಾಯ್ತಿದ್ಳು. ಬೆಲ್ ಹೊಡೀತು, ಬಿಲ್ಲೆ ಜೇಬಿಗೆ ಹಾಕ್ಕೊಂಡು ಒಳಗೆ ಬಂದ್ಳು. ಅದನ್ನ ನೋಡಿ ಮನಸ್ಸು ತಡೀತಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಾಠದ ಜೊತೆ ಆಟದಲ್ಲೂ ಸಮಾನ ಅವಕಾಶ ಕೊಡಿ ಅನ್ನುತ್ತೆ. ಆದ್ರೆ ಸ್ನೇಹವನ್ನ ಆರ್ಡರ್ ಮಾಡಿ ತರಿಸೋಕಾಗುತ್ತಾ?

ಇವಳಿಗೆ ಇನ್ನೊಬ್ಬ ಹುಡುಗಿಯನ್ನ ಜೋಡಿ ಮಾಡಿದೆ. ನಾಲ್ಕೇ ದಿನಕ್ಕೆ ಆ ಹುಡುಗಿ "ಮಿಸ್, ಇವತ್ತೂ ನಾನೇನಾ?" ಅಂದ್ಳು. ಗುಂಪಲ್ಲಿ ಲೆಕ್ಕ ಮಾಡಿಸಿದೆ, ಉತ್ತರ ಇವಳಿಂದ ಇಸ್ಕೊಂಡು ಅಲ್ಲಿಗೆ ಮುಗಿಸಿದ್ರು. ಬಿ.ಆರ್.ಸಿ.ಯಿಂದ (ಬ್ಲಾಕ್ ಮಟ್ಟದ ಸಂಪನ್ಮೂಲ ಕೇಂದ್ರದಿಂದ) ಬರೋ ವಿಶೇಷ ಶಿಕ್ಷಕರು, ಅವಳಿಗೆ ಮುಖ ಕಾಣೋ ಹಾಗೆ ಎದುರು ನಿಂತು ಮಾತಾಡೋದನ್ನ ಎಲ್ಲರಿಗೂ ಕಲಿಸಿ ಅಂದ್ರು.

ಇಲ್ಲೇ ನನ್ನ ಗೊಂದಲ. ಕಲಿಸಬೇಕಂದ್ರೆ ಅವಳ ಕಿವಿ ವಿಷಯ ಎಲ್ಲರ ಮುಂದೆ ಎತ್ತಬೇಕು. ಅವಳಿಗೋ, ಯಾರಾದ್ರೂ ಮಿಷನ್ ಕಡೆ ನೋಡಿದ್ರೆ ಸಾಕು, ಕೂದಲು ಮುಂದಕ್ಕೆ ಎಳ್ಕೊಂಡು ಮುಚ್ಕೋತಾಳೆ.

ಇಂಥ ಮಕ್ಕಳಿಗೆ ಪಾಠ ಮಾಡಿದವರು, ಅಪ್ಪ-ಅಮ್ಮಂದಿರು ದಯವಿಟ್ಟು ಹೇಳಿ: ಅವಳನ್ನ ಮೊದಲು ಕೇಳಿ, ಒಪ್ಪಿದ್ರೆ ಕ್ಲಾಸಲ್ಲಿ ಬಿಚ್ಚಿ ಮಾತಾಡ್ಲಾ? ಇಲ್ಲಾ ಅದನ್ನ ಎತ್ತದೆ, ಕೈಸನ್ನೆಯಲ್ಲೇ ಆಡೋ ಆಟಗಳಿಂದ ಶುರು ಮಾಡ್ಲಾ? ನಿಮ್ಮಲ್ಲಿ ಯಾವುದು ಕೆಲಸ ಮಾಡ್ತು?