ಫ್ಯಾಂಟಸಿ ಬೇಸ್‌ಬಾಲ್ ಲೀಗ್: ರೋಟಿಸರಿ ಪದ್ಧತಿಯಲ್ಲಿ ಅಂಕಗಳ ಲೆಕ್ಕ ಹೇಗೆ?

ಪ್ರಶ್ನೆ

ಸ್ನೇಹಿತರು ನಡೆಸುವ ಹನ್ನೆರಡು ತಂಡಗಳ ಫ್ಯಾಂಟಸಿ ಬೇಸ್‌ಬಾಲ್ ಲೀಗಿನಲ್ಲಿ ಒಂದು ಸ್ಥಾನ ತೆರವಾಗಿದ್ದು, ಈ ಋತುವಿಗೆ ಸೇರಿಕೊಳ್ಳುವಂತೆ ನನ್ನನ್ನು ಆಹ್ವಾನಿಸಿದ್ದಾರೆ. ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟಿ, ಅವರ ನಿಜ ಪಂದ್ಯಗಳ ಅಂಕಿಅಂಶಗಳಿಂದ ಸ್ಪರ್ಧಿಸುವ ಆಟವಿದು; ಹಣದ ಪಣವಿಲ್ಲ. ಬೇಸ್‌ಬಾಲ್ ಆಟದ ನಿಯಮಗಳನ್ನು ಬಲ್ಲೆನಾದರೂ ಲೀಗಿನ ಅಂಕ ಪದ್ಧತಿ ನನಗೆ ಅರ್ಥವಾಗಿಲ್ಲ. ಕಳೆದ ವರ್ಷದ ಪಟ್ಟಿಯಲ್ಲಿ ಅತಿ ಹೆಚ್ಚು ಹೋಮ್ ರನ್ ಗಳಿಸಿದ ತಂಡ ಐದನೆಯ ಸ್ಥಾನದಲ್ಲಿದೆ. ಪ್ರಶಸ್ತಿ ಗೆದ್ದ ತಂಡವಾದರೋ ಯಾವ ವಿಭಾಗದಲ್ಲಿಯೂ ಮೊದಲನೆಯದಲ್ಲ. ನಿಯಮಾವಳಿಯಲ್ಲಿ ‘ರೋಟಿಸರಿ, ಐದಕ್ಕೆ ಐದು’ ಎಂದಷ್ಟೇ ಇದೆ. ಬಲ್ಲವರು ದಯವಿಟ್ಟು ವಿವರಿಸಬೇಕು.

ಮೊದಲ ಉತ್ತರ

ಐದಕ್ಕೆ ಐದು ಎಂದರೆ ಬ್ಯಾಟಿಂಗಿಗೆ ಐದು ವಿಭಾಗಗಳು, ಪಿಚಿಂಗಿಗೆ (ಚೆಂಡೆಸೆತಕ್ಕೆ) ಐದು. ರನ್, ಹೋಮ್ ರನ್, ಆರ್‌ಬಿಐ (ಬ್ಯಾಟರ್ ತನ್ನ ಆಟದಿಂದ ತಂಡಕ್ಕೆ ತಂದ ರನ್), ಸ್ಟೋಲನ್ ಬೇಸ್ (ಹೊಡೆತದ ನೆರವಿಲ್ಲದೆ ಓಡಿ ಕದ್ದ ಬೇಸ್) ಮತ್ತು ಬ್ಯಾಟಿಂಗ್ ಸರಾಸರಿ ಮೊದಲ ಗುಂಪು. ಗೆಲುವು, ಸೇವ್ (ತಂಡದ ಸಣ್ಣ ಮುನ್ನಡೆಯನ್ನು ಪಂದ್ಯದ ಕೊನೆಯವರೆಗೆ ಕಾಯ್ದದ್ದು), ಸ್ಟ್ರೈಕ್‌ಔಟ್, ಇಆರ್‌ಎ ಮತ್ತು ವಿಪ್ (ಪಿಚರ್ ಬಿಟ್ಟುಕೊಟ್ಟ ರನ್ ಮತ್ತು ಓಟಗಾರರ ಅನುಪಾತಗಳು) ಎರಡನೆಯದು. 1980ರಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ನ್ಯೂಯಾರ್ಕಿನಲ್ಲಿ ಈ ಆಟವನ್ನು ಆರಂಭಿಸಿದಾಗ ಎಂಟೇ ವಿಭಾಗಗಳಿದ್ದವು. ರನ್ ಮತ್ತು ಸ್ಟ್ರೈಕ್‌ಔಟ್ ಆಮೇಲೆ ಸೇರಿಕೊಂಡವು. ಅವರು ಸೇರುತ್ತಿದ್ದ ಉಪಾಹಾರ ಗೃಹದ ಹೆಸರೇ ಪದ್ಧತಿಗೂ ಉಳಿಯಿತು.

ನಿಮ್ಮ ಗೊಂದಲಕ್ಕೆ ಕಾರಣ ಇಷ್ಟೇ: ಇಲ್ಲಿ ಅಂಕ ದೊರೆಯುವುದು ಗಳಿಕೆಗಲ್ಲ, ಆ ಗಳಿಕೆಯಿಂದ ಬರುವ ಸ್ಥಾನಕ್ಕೆ. ಪ್ರತಿ ವಿಭಾಗದಲ್ಲಿ ಮೊದಲ ತಂಡಕ್ಕೆ 12 ಅಂಕ, ಎರಡನೆಯದಕ್ಕೆ 11, ಹೀಗೆ ಇಳಿಯುತ್ತಾ ಕೊನೆಯ ತಂಡಕ್ಕೆ 1. ಹತ್ತು ವಿಭಾಗಗಳಿಂದ ದೊರೆಯಬಹುದಾದ ಗರಿಷ್ಠ ಮೊತ್ತ 120. ನಿಮ್ಮ ತಂಡ 300 ಹೋಮ್ ರನ್ ಗಳಿಸಿ, ಎರಡನೆಯ ತಂಡ 260ಕ್ಕೆ ನಿಂತರೂ ನಿಮಗೆ ಸಿಗುವುದು 12 ಅಂಕವೇ. 261 ಗಳಿಸಿದ್ದರೂ ಅಷ್ಟೇ ಸಿಗುತ್ತಿತ್ತು. ಮಿಕ್ಕ 39 ಹೋಮ್ ರನ್‌ಗಳಿಂದ ಆ ವಿಭಾಗದಲ್ಲಿ ಯಾವ ಪ್ರಯೋಜನವೂ ಇಲ್ಲ. ಅಂಥ ತಂಡ ಋತುವಿನ ಮಧ್ಯದಲ್ಲಿ ಒಬ್ಬ ಹೊಡೆತಗಾರನನ್ನು ಬಿಟ್ಟುಕೊಟ್ಟು, ಬೇಸ್ ಕದಿಯುವ ವೇಗದ ಓಟಗಾರನನ್ನು ಪಡೆದು, ಸ್ಟೋಲನ್ ಬೇಸ್ ವಿಭಾಗದಲ್ಲಿ 3 ಅಂಕದಿಂದ 8ಕ್ಕೆ ಏರಿದರೆ, ಹೋಮ್ ರನ್ ವಿಭಾಗದಲ್ಲಿ ಏನನ್ನೂ ಕಳೆದುಕೊಳ್ಳದೆ ಐದು ಅಂಕ ಗಳಿಸಿದಂತಾಯಿತು. ಎಲ್ಲ ವಿಭಾಗಗಳಲ್ಲಿಯೂ ಮೂರನೆಯ ಅಥವಾ ನಾಲ್ಕನೆಯ ಸ್ಥಾನ ಉಳಿಸಿಕೊಂಡ ತಂಡ 90ರಿಂದ 100 ಅಂಕ ಪಡೆಯುತ್ತದೆ. ಅಷ್ಟರಿಂದಲೇ ಪ್ರಶಸ್ತಿ ಬರಬಹುದು.

ಎರಡನೆಯ ಉತ್ತರ

ಮೇಲಿನ ವಿವರಣೆ ಸರಿಯಾಗಿದೆ. ಆದರೆ ಸರಾಸರಿ, ಇಆರ್‌ಎ ಮತ್ತು ವಿಪ್ ಈ ಮೂರೂ ಎಣಿಕೆಗಳಲ್ಲ, ಅನುಪಾತಗಳು ಎಂಬುದನ್ನು ಹೊಸಬರು ವಿಶೇಷವಾಗಿ ಗಮನಿಸಬೇಕು. ಎಣಿಕೆಯ ವಿಭಾಗಗಳು ಕುಗ್ಗುವುದಿಲ್ಲ; ಅನುಪಾತಗಳು ಒಂದೇ ಕೆಟ್ಟ ದಿನದಲ್ಲಿ ಕೆಡಬಲ್ಲವು. ಇಆರ್‌ಎ ಎಂದರೆ ಪಿಚರ್ ಬಿಟ್ಟುಕೊಟ್ಟ ಅರ್ನ್ಡ್ ರನ್‌ಗಳನ್ನು (ಫೀಲ್ಡರ್‌ಗಳ ತಪ್ಪಿನಿಂದಲ್ಲದೆ ಬಂದ ರನ್‌ಗಳನ್ನು) ಒಂಬತ್ತರಿಂದ ಗುಣಿಸಿ, ಎಸೆದ ಇನಿಂಗ್ಸ್‌ಗಳಿಂದ ಭಾಗಿಸಿದ್ದು. ವಿಪ್ ಎಂದರೆ ಪ್ರತಿ ಇನಿಂಗ್ಸಿಗೆ ಬಿಟ್ಟುಕೊಟ್ಟ ವಾಕ್ (ನಾಲ್ಕು ಕೆಟ್ಟ ಎಸೆತಗಳಿಂದ ಬ್ಯಾಟರ್‌ಗೆ ಸಿಗುವ ಬೇಸ್) ಮತ್ತು ಹಿಟ್‌ಗಳ ಮೊತ್ತ. ಎರಡರಲ್ಲೂ ಕಡಿಮೆ ಇದ್ದಷ್ಟು ಒಳ್ಳೆಯದು.

100 ಇನಿಂಗ್ಸ್‌ಗಳ ನಂತರ ನಿಮ್ಮ ತಂಡದ ಇಆರ್‌ಎ 3.60 ಇದೆಯೆಂದುಕೊಳ್ಳೋಣ. ಆಗ ಒಬ್ಬ ಪಿಚರ್ ಎರಡು ಇನಿಂಗ್ಸ್‌ನಲ್ಲಿ ಏಳು ಅರ್ನ್ಡ್ ರನ್ ಬಿಟ್ಟುಕೊಟ್ಟರೆ ಅದು 4.15ಕ್ಕೆ ಜಿಗಿಯುತ್ತದೆ. ಇದೇ ಘಟನೆ 1000 ಇನಿಂಗ್ಸ್‌ಗಳ ನಂತರ ನಡೆದರೆ 3.60 ಇದ್ದದ್ದು 3.66 ಆಗುತ್ತದೆ, ಅಷ್ಟೇ. ಆದುದರಿಂದ ಆರಂಭದ ವಾರಗಳ ಸ್ಥಾನಪಟ್ಟಿಯನ್ನು ನೋಡಿ ಒಳ್ಳೆಯ ಪಿಚರನ್ನು ಕೈಬಿಡಬೇಡಿ. ಋತುವಿನ ಕೊನೆಯಲ್ಲಿ ಅನುಪಾತಗಳನ್ನು ಸರಿಪಡಿಸುವುದು ಕೆಡಿಸುವುದಕ್ಕಿಂತಲೂ ಸುಲಭವಲ್ಲ ಎಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಿದ್ದರೆ ಸೇವ್ ಒಂದನ್ನು ಪೂರ್ತಿ ಬಿಟ್ಟು, ಉಳಿದ ಒಂಬತ್ತರ ಮೇಲೆ ಗಮನ ಇಡಬಹುದೇ? ಇನ್ನೊಬ್ಬ ಸ್ನೇಹಿತರ ಲೀಗ್ ‘ಹೆಡ್ ಟು ಹೆಡ್’ ಎನ್ನುತ್ತಾರೆ; ಅಲ್ಲಿಯೂ ಇದೇ ಲೆಕ್ಕವೇ?

ಮೂರನೆಯ ಉತ್ತರ

ರೋಟಿಸರಿಯಲ್ಲಿ ಅದನ್ನು ನಾನು ಒಪ್ಪುವುದಿಲ್ಲ. ಸೇವ್ ಬಿಟ್ಟರೆ ಅಲ್ಲಿ ನಿಮಗೆ ಒಂದೇ ಅಂಕ. ಆ ವಿಭಾಗದ ಮೊದಲ ತಂಡಕ್ಕಿಂತ ಹನ್ನೊಂದು ಅಂಕಗಳಷ್ಟು ಹಿಂದುಳಿದು ಆರಂಭಿಸಿದಂತೆ. ಪಂದ್ಯದ ಕೊನೆಯಲ್ಲಿ ಬಂದು ಸೇವ್ ಗಳಿಸುವ ಇಬ್ಬರು ಸಾಧಾರಣ ಪಿಚರ್‌ಗಳಿದ್ದರೂ (ಕ್ಲೋಸರ್) ನಡುವಿನ ಸ್ಥಾನ ಸಿಗಬಹುದು. ಹೆಡ್ ಟು ಹೆಡ್ ವಿಭಾಗ ಪದ್ಧತಿಯ ಮಾತು ಬೇರೆ: ಅಲ್ಲಿ ವಾರಕ್ಕೊಬ್ಬ ಎದುರಾಳಿ ಇರುತ್ತಾನೆ, ಹತ್ತರಲ್ಲಿ ಆರು ವಿಭಾಗ ಗೆದ್ದರೆ ಆ ವಾರ ನಿಮ್ಮದು. ಆದ್ದರಿಂದ ಒಂದೆರಡನ್ನು ಬಿಟ್ಟುಕೊಡುವ ತಂತ್ರ ಅಲ್ಲಿ ಫಲಿಸುತ್ತದೆ. ಮೂರನೆಯದಾಗಿ ಪಾಯಿಂಟ್ಸ್ ಪದ್ಧತಿಯೂ ಇದೆ; ಅದರಲ್ಲಿ ಪ್ರತಿ ಹಿಟ್‌ಗೆ, ಪ್ರತಿ ಔಟಿಗೆ ಲೀಗ್ ನಿಗದಿಪಡಿಸಿದ ಬೆಲೆ ಇರುವುದರಿಂದ ಹೆಚ್ಚು ಆಡುವ ಆಟಗಾರನಿಗೆ ಮನ್ನಣೆ ಹೆಚ್ಚು.

ಸ್ಟೋಲನ್ ಬೇಸ್ ಬಗ್ಗೆ ಒಂದು ಮಾತು. 2023ರಲ್ಲಿ ಅಮೆರಿಕದ ಮೇಜರ್ ಲೀಗಿನಲ್ಲಿ ಬೇಸ್‌ಗಳ ಅಳತೆಯನ್ನು 15 ಅಂಗುಲದಿಂದ 18ಕ್ಕೆ ಹೆಚ್ಚಿಸಿ, ಪಿಚರ್ ಓಟಗಾರನನ್ನು ತಡೆಯುವ ಪ್ರಯತ್ನಗಳಿಗೆ ಮಿತಿ ಹಾಕಿದ ಮೇಲೆ ಕದಿಯುವಿಕೆ ಬಹಳ ಹೆಚ್ಚಿದೆ. 20 ಬೇಸ್ ಕದಿಯುವವನಿಗೆ ಮೊದಲಿದ್ದ ಅಪರೂಪದ ಬೆಲೆ ಈಗಿಲ್ಲ. ಹಳೆಯ ಸಲಹೆಗಳನ್ನು ಓದುವಾಗ ಇದನ್ನು ನೆನಪಿಡಿ.

ಡ್ರಾಫ್ಟಿಗೆ (ಆಟಗಾರರನ್ನು ಆರಿಸಿಕೊಳ್ಳುವ ದಿನಕ್ಕೆ) ಮುನ್ನ ಲೀಗ್ ನಡೆಸುವ ಕಮಿಷನರನ್ನು ಎರಡು ವಿಷಯ ಕೇಳಿ: ಆಡುವ ತಂಡವನ್ನು ದಿನವೂ ಬದಲಿಸಬಹುದೇ ಅಥವಾ ವಾರಕ್ಕೊಮ್ಮೆಯೇ, ಮತ್ತು ಇನಿಂಗ್ಸ್‌ಗಳಿಗೆ ಕನಿಷ್ಠ ಅಥವಾ ಗರಿಷ್ಠ ಮಿತಿ ಇದೆಯೇ. ಕನಿಷ್ಠ ಮಿತಿ ಇಲ್ಲದಿದ್ದರೆ ಕೆಲವರು ಪಂದ್ಯದ ನಡುವೆ ಬಂದು ಕೆಲವೇ ಇನಿಂಗ್ಸ್ ಎಸೆಯುವ ರಿಲೀಫ್ ಪಿಚರ್‌ಗಳನ್ನಷ್ಟೇ ಇಟ್ಟುಕೊಂಡು ಇಆರ್‌ಎ ಮತ್ತು ವಿಪ್ ಎರಡನ್ನೂ ಗೆಲ್ಲಲು ನೋಡುತ್ತಾರೆ, ಮತ್ತು ಅದಕ್ಕೆ ತಕ್ಕಂತೆ ನಿಮ್ಮ ಡ್ರಾಫ್ಟಿನ ಯೋಜನೆಯೂ ಬದಲಾಗಬೇಕಾಗುತ್ತದೆ.