ಜಮಖಂಡಿ ತಮ್ಮಗ, ಸಫಾರಿ ಸ್ಪ್ರಿಂಗ್ ವಿಚಾರಕ್ಕ

ತಮ್ಮಾ, ಮನಿಯವರ ಗ್ರೂಪಿನಾಗ ನಿನ್ನ ಮೆಸೇಜ್ ಕೇಳ್ದೆ. ಡೈಕೋರ್ ಸಫಾರಿ (ಟಾಟಾದ ಹಳೇ ಡೀಸೆಲ್ ಗಾಡಿ) ಹಿಂದ ಎಡಕ್ಕ ಕುಂತೈತಿ, ನಾಲ್ಕು ಕಾಯಿಲ್ ಸ್ಪ್ರಿಂಗ್, ನಾಲ್ಕು ಶಾಕಪ್ (ಶಾಕ್ ಅಬ್ಸಾರ್ಬರ್) ತರಿಸಿ ಮನಿ ಮುಂದನ ಹಾಕ್ತೀನಿ, ಏನರ ಅಪಾಯ ಐತೇನ್ರಿ ಮಾಮಾ ಅಂದಿ. ಐತಿ. ಹಿಂದಿನ ಶಾಕಪ್ ಬಿಚ್ಚೂಮುಂದ ಹೌಸಿಂಗ್ (ಹಿಂದಿನ ಎರಡೂ ಗಾಲಿ ಕೂಡಿಸೂ ಆಕ್ಸಲ್) ಕೆಳಗ ಜ್ಯಾಕ್ ಇರಾಕ ಬೇಕು. ಆ ಹೌಸಿಂಗ್ ಬ್ರೇಕ್ ಹೋಸಿಗೆ (ಬ್ರೇಕ್ ಆಯಿಲ್ ಹೋಗೂ ರಬ್ಬರ್ ಪೈಪಿಗೆ) ಜೋತು ಬೀಳಬಾರ್ದು.

ಗೋಕಾಕ ಕಾಕಾನ ಬಿಳಿ ಸಫಾರಿ ಎಲ್ಲಾರಿಗೂ ಗೊತ್ತೈತಲ್ಲ, ಅದರದ ಹಣೇಬರಾ ಹಿಂಗ ಆಗಿತ್ತು. ಗ್ಯಾರೇಜಿನಾಂವ ಚಾಸಿಗೆ ಜ್ಯಾಕ್ ಕೊಟ್ಟು ಎತ್ತಿದ, ಹೌಸಿಂಗ್ ಕೆಳಗ ಏನೂ ಇಡಲಿಲ್ಲ. ಹಿಂದಿನ ಹೌಸಿಂಗ್ ಕೆಳಗ ಇಳಿಯೂದನ್ನ ತಡಿಯೂದ ಶಾಕಪ್ಪು. ಎರಡೂ ಕಡೆ ಬೋಲ್ಟ್ ತಗದ ಕೂಡ್ಲೆ ಧಡ್ ಅಂತ ಇಳೀತು, ಭಾರ ಎಲ್ಲಾ ರಬ್ಬರ್ ಹೋಸಿನ ಮ್ಯಾಲ. ಹೊರಗ ನೋಡಿದ್ರ ಹೋಸ್ ಛಲೋನ ಕಾಣ್ತಿತ್ತು, ಒಳಗಿನ ಪದರ ಹರದಿತ್ತು. ಮುಂದ ಚೋರ್ಲಾ ಘಾಟ್ ಇಳಿಯೂಮುಂದ ಪೆಡಲ್ ಮೆತ್ತಗಾಗಿ ಅರ್ಧಕ್ಕ ಹೋತು, ಕಾಕಾನ ಬಾಜೂಕ ನಾನ ಕುಂತಿದ್ದೆ. ಬ್ರೇಕಿಗೆ ಎರಡು ಸರ್ಕ್ಯೂಟ್ ಇರ್ತಾವ, ಮುಂದಿನ ಗಾಲಿ ಹಿಡದ್ವು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳದು ನಿಂದ್ರಿಸಿದ್ರು. ಕೆಳಗ ಬಗ್ಗಿ ನೋಡಿದ್ರ ಹೌಸಿಂಗ್ ತುಂಬ ಬ್ರೇಕ್ ಆಯಿಲ್.

ಅದಕ್ಕ ಮುಂದಿನ ಗಾಲಿಗೆ ಕಲ್ಲು ಕೊಡು, ಚಾಸಿ ಕೆಳಗ ಎರಡು ಸ್ಟ್ಯಾಂಡ್, ಹೌಸಿಂಗ್ ಕೆಳಗ ಟ್ರಾಲಿ ಜ್ಯಾಕ್. ಬರೇ ಇಟ್ಟಂಗಿ ಮ್ಯಾಲ ಗಾಡಿ ನಿಂದ್ರಿಸಿ ಕೆಳಗ ಹೋಗಬ್ಯಾಡ. ಹಳೇ ನಟ್‌ಗೆ ಹಿಂದಿನ ರಾತ್ರಿನ ಡಬ್ಲ್ಯೂಡಿ-40 ಹೊಡದಿಡು. ಶಾಕಪ್ ಕೆಳಗಿನ ಬೋಲ್ಟ್ ತಗದು ಜ್ಯಾಕ್ ನಿಧಾನ ಇಳಿಸು, ಹೋಸ್ ಬಿಗಿ ಆಗಾಕ ಹತ್ತಿದ್ರ ಅಲ್ಲೇ ನಿಲ್ಲು. ಹೌಸಿಂಗಿಗೆ ಲೋಡ್ ವಾಲ್ವಿನ (ಭಾರ ನೋಡಿ ಹಿಂದಿನ ಬ್ರೇಕ್ ಒತ್ತಡ ಹೊಂದಿಸೂ ವಾಲ್ವ್) ಕಡ್ಡಿ ಇಲ್ಲಾ ಎಬಿಎಸ್ ವೈರ್ ಇದ್ರ ಮೊದಲ ಬಿಚ್ಚು. ಸ್ಪ್ರಿಂಗ್ ಸಡ್ಲ ಆದ ಮ್ಯಾಲ ಕೈಯಿಂದನ ಬರ್ತೈತಿ. ಹೊಸದು ಕೂಡ್ರಸೂಮುಂದ ಅದರ ತುದಿ ಸ್ಪ್ರಿಂಗ್ ಕೂಡ್ರೂ ತಟ್ಟೀ ಮೆಟ್ಲಿಗೆ ಸರಿಯಾಗಿ ತಾಗಬೇಕು, ತಿರುವಿ ಕೂಡ್ರಸಿದ್ರ ಎತ್ತರ ಬ್ಯಾರೆ ಆಗಿ ಕಟ್ ಕಟ್ ಸದ್ದು ಬರ್ತೈತಿ. ಮ್ಯಾಲಿನ ರಬ್ಬರ್ ಹಳೇದ ಹಾಕಬ್ಯಾಡ.

ಹೊಸ ಶಾಕಪ್ ಅಡ್ಡ ಮಲಗಿಸಿಟ್ಟಿರ್ತಾರ, ಒಳಗ ಗಾಳಿ ಸೇರಿರ್ತೈತಿ. ನೆಟ್ಟಗ ಹಿಡದು ನಾಲ್ಕೈದು ಸಲ ಪೂರಾ ಒತ್ತಿ ಬಿಡು. ರಾಡ್‌ಗೆ ಪಕ್ಕಡ ಹಾಕಿದಿ ಅಂದ್ರ ಗೀರು ಬಿದ್ದು ಆಯಿಲ್ ಸೀಲ್ ಹೋತು. ರಬ್ಬರ್ ಬುಷ್ ಇರೂ ಬೋಲ್ಟ್ ಗಾಡಿ ಎತ್ತಿದಾಗ ಬರೇ ಕೈಬಿಗಿ ಮಾಡು, ಗಾಲಿ ನೆಲಕ್ಕ ಕುಂತು ಭಾರ ಬಿದ್ದ ಮ್ಯಾಲ ಪೂರಾ ಬಿಗಿ. ಜೋತಾಡೂಮುಂದ ಬಿಗಿ ಮಾಡಿದ್ರ ರಬ್ಬರ್ ಸದಾ ತಿರುವಿಕೊಂಡ ಇರ್ತೈತಿ, ಲಗೂ ಹರೀತೈತಿ.

ಮತ್ತ ಹೇಳ್ತೀನಿ, ಹೌಸಿಂಗ್ ಹೋಸಿಗೆ ಜೋತು ಬೀಳಬಾರ್ದು. ಅಕ್ಕಾ, ನೀನೂ ಗ್ರೂಪಿನಾಗ ಇದ್ದೀಯಲ್ಲ, ತಮ್ಮನ ಬಾಜೂಕ ನಿಂತು ನೋಡು.

ಈ ಸ್ಪ್ರಿಂಗ್ ಕುಂದರೂದಕ್ಕ ನಮ್ಮ ಹಂಪ್‌ಗಳೂ ಕಾರಣ ನೋಡ್ರಿ. ಐಆರ್‌ಸಿ (ರಸ್ತೆ ಅಳತಿ ಗೊತ್ತುಮಾಡೂ ಇಂಡಿಯನ್ ರೋಡ್ಸ್ ಕಾಂಗ್ರೆಸ್) ಲೆಕ್ಕದಾಗ ಹಂಪ್ ಅಂದ್ರ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 25 ಕಿಲೋಮೀಟರ್ ವೇಗದಾಗ ದಾಟೂ ಹಂಗ. ನಮ್ಮ ಕಡೆ ಎರಡ ಫೂಟ್ ಅಗಲದ ದಿಬ್ಬ ಮಾಡ್ತಾರ, ಬಣ್ಣಿಲ್ಲ ಬೋರ್ಡಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಸುರು ಆದ್ರಂತೂ ಹಂಪ್ ಆಜೂಬಾಜೂ ತಗ್ಗ ಬೀಳ್ತಾವ.  

ಅಯ್ಯ, ನೀ ಕೇಳಿದ್ದ ಉಳೀತು. ನಾಲ್ಕು ಕಾಯಿಲ್ ತರಿಸಬ್ಯಾಡ. ಡೈಕೋರಿಗೆ ಮುಂದ ಕಾಯಿಲ್ ಇಲ್ಲ, ಟಾರ್ಶನ್ ಬಾರ್ ಐತಿ, ಅಂದ್ರ ತಿರುಚಿಕೊಂಡು ಸ್ಪ್ರಿಂಗಿನಂಗ ಕೆಲಸ ಮಾಡೂ ಉಕ್ಕಿನ ಸರಳು. ಮುಂದ ಕಾಯಿಲ್ ಬಂದದ್ದು 2012ರ ಸಫಾರಿ ಸ್ಟಾರ್ಮ್‌ಗೆ. ನಿನಗ ಹಿಂದಿನ ಕಾಯಿಲ್ ಎರಡು, ಅವುಕ್ಕ ಮ್ಯಾಲಿನ ರಬ್ಬರ್ ಎರಡು, ಶಾಕಪ್ ನಾಲ್ಕು, ಬುಷ್ ಸೆಟ್ ಇಷ್ಟ ಸಾಕು. ಎಡಕ್ಕ ಒಂದ ಕುಂತೈತಿ ಅಂತ ಒಂದ ಕಾಯಿಲ್ ಹಾಕಬ್ಯಾಡ, ಜೋಡೀನ ಹಾಕು. ಆರ್ಡರ್ ಕೊಡೂಕಿಂತ ಮೊದಲ ಸಪಾಟ್ ನೆಲದ ಮ್ಯಾಲ ನಾಲ್ಕೂ ಗಾಲಿ ನಡುವಿನಿಂದ ಮಡಗಾರ್ಡ್ ಅಂಚಿನ ತನಕ ಟೇಪ್ ಹಿಡಿ. ಮುಂದಿನ ಎಡ-ಬಲ ಎತ್ತರ ಬ್ಯಾರೆ ಬಂದ್ರ ಹಿಂದಿನ ವಾಲಿಕೆನೂ ಅಲ್ಲಿಂದನ ಬಂದಿರಬಹುದು. ಟಾರ್ಶನ್ ಬಾರ್ ಬೋಲ್ಟಿಗೆ ಬಣ್ಣದ ಗುರ್ತು ಹಾಕಿ, ಅರ್ಧ ಅರ್ಧ ಸುತ್ತು ತಿರುವಿ ಸಮ ಮಾಡಿಸು, ಆಮ್ಯಾಲ ಅಲೈನ್‌ಮೆಂಟ್. ನಾಲ್ಕೂ ಅಳತಿ ಇಲ್ಲೇ ಗ್ರೂಪಿಗೆ ಹಾಕು.