ಬೇರೆ ಬೇರೆ ಥರದ ನಾಲ್ಕೈದು ಕನ್ನಡ ಪುಸ್ತಕ ಹೇಳ್ತೀರಾ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಒಂದೇ ಥರದ ಕಾದಂಬರಿ ಓದಿ ಓದಿ ಸಾಕಾಗಿದೆ. ಸಣ್ಣದು, ದೊಡ್ಡದು, ಆತ್ಮಕತೆ, ಕಥೆ, ಯಾವ್ದಾದ್ರೂ ಪರ್ವಾಗಿಲ್ಲ, ಮಿಕ್ಸ್ ಆಗಿರ್ಲಿ. ರಜೆಗೆ ಊರಿಗೆ ಹೋಗೋ ಮುಂಚೆ ಆರ್ಡರ್ ಮಾಡ್ಬೇಕು.

ಉತ್ತರ 1:
ತೇಜಸ್ವಿ ಅವರ ಕರ್ವಾಲೊ ಓದಿಲ್ಲ ಅಂದ್ರೆ ಮೊದ್ಲು ಅದೇ ತಗೊಳ್ಳಿ. ಹಾರೋ ಓತಿ ಹುಡ್ಕೊಂಡು ಎಲ್ರೂ ಕಾಡಿಗೆ ಹೋಗೋದು ಓದ್ತಾ ಇದ್ರೆ ನಾವೂ ಜೊತೇಲೇ ಹತ್ತತಾ ಇದೀವಿ ಅನ್ಸುತ್ತೆ, ಅದ್ರಲ್ಲೂ ಅಷ್ಟು ದೊಡ್ಡ ವಿಜ್ಞಾನಿ ಹಳ್ಳಿ ಹುಡುಗ ಮಂದಣ್ಣನ ಮಾತಿಗೆ ಕೊಡೋ ಬೆಲೆ ಇದ್ಯಲ್ಲ, ನಂಗೆ ತುಂಬಾ ಇಷ್ಟ. ಸಣ್ಣದು ಬೇಕಂದ್ರೆ ವಿವೇಕ ಶಾನಭಾಗರ ಘಾಚರ್ ಘೋಚರ್. ಕೂತ ಕಡೆ ಮುಗಿಯುತ್ತೆ.

ಉತ್ತರ 2:
ಆತ್ಮಕತೆ ಅಂದ್ರೆ ಸಿದ್ಧಲಿಂಗಯ್ಯನವರ ಊರುಕೇರಿ, ದಯವಿಟ್ಟು ಬಿಡ್ಬೇಡಿ. ಶುರುವಲ್ಲೇ ಎತ್ತಿನ ಬದ್ಲು ಇಬ್ರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಹೊಲ ಉಳ್ತಾ ಇರ್ತಾರೆ, ಹುಡುಗ ನಿಂತು ನೋಡ್ತಾನೆ, ಅವ್ರಲ್ಲಿ ಒಬ್ರು ಅವನ ಅಪ್ಪ. ಆದ್ರೂ ಪುಸ್ತಕದಲ್ಲಿ ನಗ್ಸೋ ಜಾಗ ಎಷ್ಟೊಂದಿವೆ ಅಂದ್ರೆ, ಇಷ್ಟು ನೋವನ್ನ ಹೀಗೂ ಬರೀಬಹುದಾ ಅಂತ ಆಶ್ಚರ್ಯ ಆಗುತ್ತೆ.

ಉತ್ತರ 3:
ದಪ್ಪ ಪುಸ್ತಕಕ್ಕೆ ವಸುಧೇಂದ್ರ ಅವರ ತೇಜೋ ತುಂಗಭದ್ರಾ, ಲಿಸ್ಬನ್ನು ವಿಜಯನಗರ ಎರಡೂ ಬರುತ್ತೆ. ಟೈಮ್ ಇದ್ರೆ ಕುವೆಂಪು ಅವರ ಮಲೆಗಳಲ್ಲಿ ಮದುಮಗಳು (1967). ಪಾತ್ರಗಳು ಜಾಸ್ತಿ, ಮೊದಮೊದ್ಲು ಯಾರು ಯಾರ ಮನೆಯವ್ರು ಅಂತ ಚೀಟೀಲಿ ಬರ್ಕೊಳ್ಳಿ, ಆಮೇಲೆ ಬೇಕಾಗಲ್ಲ. ಕಥೆಗಳಿಗೆ ಬಾನು ಮುಷ್ತಾಕ್. 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂದಿದ್ದು ಇಂಗ್ಲಿಷ್ ಅನುವಾದಕ್ಕೆ, ಆದ್ರೆ ಕನ್ನಡ ಬರೋ ನಾವು ಮೂಲದಲ್ಲೇ ಓದ್ಬೇಕು.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಎಲ್ರಿಗೂ. ಊರುಕೇರಿ, ಕರ್ವಾಲೊ ಇವತ್ತೇ ಆರ್ಡರ್ ಮಾಡ್ತೀನಿ.